ಮಾಮೂ ತಂದ ಹೆಡ್‌ಫೋನ್

ನಮ್ಮ ತರಗತಿಯಲ್ಲಿ ಯಾರಾದರೂ ಹೊಸ ಹೆಡ್‌ಫೋನ್ ಮಾತೆತ್ತಿದರೆ ಉಳಿದವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬಿತ್ತು, ಬಾಸ್ ಹೇಗಿದೆ. ಅದನ್ನು ಯಾವುದಕ್ಕೆ ಚುಚ್ಚಿ ಕೇಳಿದೆ ಎಂದು ಯಾರೂ ಕೇಳುವುದಿಲ್ಲ. ಬ್ಲೂಟೂತ್ ಬಂದ ಮೇಲೆ ಚುಚ್ಚುವ ಕೆಲಸವೇ ಇಲ್ಲ, ನಿಜ. ಅಂಥ ಹೆಡ್‌ಫೋನಿನ ಹೊಟ್ಟೆಯೊಳಗೇ ಅದಕ್ಕೆ ಹೊಂದುವ ಆಂಪ್ಲಿಫೈಯರ್ ಕೂತಿರುತ್ತದೆ. ಆದರೆ ವಯರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನನ್ನು ಫೋನಿಗೋ ಜೇಬಿನ ಪ್ಲೇಯರಿಗೋ ಹಾಕಿ ‘ಚೆನ್ನಾಗಿಲ್ಲ’ ಎಂದು ತೀರ್ಪು ಕೊಟ್ಟರೆ, ಆ ತೀರ್ಪು ಹೆಡ್‌ಫೋನಿನ ಮೇಲೋ ಪ್ಲೇಯರಿನ ಮೇಲೋ ಹೇಳುವುದು ಕಷ್ಟ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಇಂಥದೇ ಒಂದು ಮೊಕದ್ದಮೆ ನಡೆಯಿತು. ಅದರ ವಿವರಗಳು ನಮ್ಮ ಭೌತಶಾಸ್ತ್ರದ ಪಾಠಕ್ಕೆ ಹತ್ತಿರವಾಗಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾಮೂ ಸೌದಿಯ ಜುಬೈಲಿನಲ್ಲಿ ಎಲೆಕ್ಟ್ರೀಷಿಯನ್. ಎರಡು ವರ್ಷಕ್ಕೊಮ್ಮೆ ರಜೆ. ಈ ಸಲ ಖರ್ಜೂರ, ಅತ್ತರು, ಟ್ಯಾಂಗ್ ಡಬ್ಬಿಗಳ ನಡುವೆ ಒಂದು ದೊಡ್ಡ ಕಪ್ಪು ಹೆಡ್‌ಫೋನೂ ಇತ್ತು. ಸ್ಟುಡಿಯೋದವರು ಬಳಸುವಂಥದು, ಕೆಲಸ ಬಿಟ್ಟು ಊರಿಗೆ ಹೊರಟ ಫಿಲಿಪ್ಪೀನಿನವನೊಬ್ಬ ಅರ್ಧ ಬೆಲೆಗೆ ಮಾರಿದ್ದನಂತೆ. ಮಾಮೂ ಅದನ್ನು ತನಗೆಂದೇ ಕೊಂಡಿದ್ದರು. ಆದರೆ ಕಂಪ್ರೆಸರ್‌ಗಳ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಂತ ಅವರ ಎಡಗಿವಿಯಲ್ಲಿ ಈಗ ಹಗಲೂ ರಾತ್ರಿ ‘ಕೀಂ’ ಎಂಬ ಸದ್ದು. "ನನಗೆ ಇದರಲ್ಲಿ ಹಾಡಿಗಿಂತ ನನ್ನ ಕಿವಿಯೇ ಜೋರಾಗಿ ಕೇಳಿಸುತ್ತದೆ, ನೀನು ಇಟ್ಟುಕೋ ಬೇಟಾ" ಎಂದು ನನ್ನ ಕೈಗೆ ಕೊಟ್ಟರು.

ಅದೇ ಸಂಜೆ ಮನೆಮಂದಿಯೆಲ್ಲ ಪರೀಕ್ಷಕರಾದರು. ತಮ್ಮ ತನ್ನ ಫೋನಿಗೆ ಹಾಕಿ ಹೊಸ ಸಿನಿಮಾ ಹಾಡು ಕೇಳಿ "ಮಸ್ತ್ ಐತಿ" ಎಂದ. ಅಬ್ಬಾ ಅದೇ ಫೋನಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಣ ಹಾಕಿಕೊಂಡು, ವಾಲ್ಯೂಮ್ ಕೊನೆಯವರೆಗೂ ಏರಿಸಿ, ಮುಖ ಕಿವುಚಿದರು. ಹುಬ್ಬಳ್ಳಿಯವರಿಗೆ ಗಂಗೂಬಾಯಿ ಅವರ ದನಿ ಗೊತ್ತಿಲ್ಲದೆ ಇರುತ್ತದೆಯೇ? (ಅವರ ಗುರು ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್ ಸಾಹೇಬರು. ಈ ಸರಪಳಿಯನ್ನು ಅಬ್ಬಾ ಮನೆಗೆ ಬಂದವರಿಗೆಲ್ಲ ಒಮ್ಮೆಯಾದರೂ ಹೇಳುತ್ತಾರೆ.) "ಪಕ್ಕದ ಓಣಿಯಲ್ಲಿ ಹಾಡಿದ ಹಾಗಿದೆ. ನಿಮ್ಮ ಮಾಮೂನ ರೊಕ್ಕ ಹಾಳು" ಎಂದರು ಅಬ್ಬಾ. ಮಾಮೂ ಮಾತಾಡಲಿಲ್ಲ. ಅಮ್ಮಿ ಇಬ್ಬರಿಗೂ ಚಹಾ ತಂದಿಟ್ಟು ವಿಷಯ ಬದಲಿಸಿದರು.

ಒಂದೇ ಹೆಡ್‌ಫೋನ್, ಒಂದೇ ಫೋನ್, ಎರಡು ತೀರ್ಪು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು.

ಹೆಡ್‌ಫೋನಿನ ಪಟ್ಟಿಯ ಒಳಬದಿಯಲ್ಲಿ ‘250 ಓಮ್’ ಎಂದು ಅಚ್ಚಾಗಿತ್ತು. ಡಬ್ಬಿಯ ಮೇಲೆ ಇನ್ನೊಂದು ಅಂಕಿ: ಒಂದು ಮಿಲಿವ್ಯಾಟಿಗೆ 96 ಡೆಸಿಬಲ್. ಈ ಎರಡು ಅಂಕಿಗಳು ಸಿಕ್ಕರೆ ಉಳಿದದ್ದನ್ನು ನಾವು ನೀವು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಹಾಕಬಹುದು. ಶಕ್ತಿ ಎಂದರೆ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದ್ದು. ಫೋನಿನ ಜ್ಯಾಕ್ ಗರಿಷ್ಠ ಅರ್ಧ ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ಅರ್ಧದ ವರ್ಗ ಕಾಲು. ಕಾಲನ್ನು 250ರಿಂದ ಭಾಗಿಸಿದರೆ 0.001 ವ್ಯಾಟ್, ಅಂದರೆ ಸರಿಯಾಗಿ ಒಂದು ಮಿಲಿವ್ಯಾಟ್. ಹಾಗಾಗಿ ಆ ಫೋನಿನಿಂದ ಈ ಹೆಡ್‌ಫೋನ್ ಹೊರಡಿಸಬಹುದಾದ ಅತಿ ಜೋರಿನ ಸದ್ದು 96 ಡೆಸಿಬಲ್. ಅದೇ ಅರ್ಧ ವೋಲ್ಟನ್ನು, ಅಷ್ಟೇ ಸಂವೇದನೆಯ 32 ಓಮ್ ಹೆಡ್‌ಫೋನಿಗೆ ಕೊಟ್ಟರೆ ಸುಮಾರು 7.8 ಮಿಲಿವ್ಯಾಟ್, ಹತ್ತಿರಹತ್ತಿರ 105 ಡೆಸಿಬಲ್.

96 ಎಂದರೆ ಕಡಿಮೆಯೇನಲ್ಲ, ಅದು ಕಿವಿಗೆ ಹೊಡೆಯುವ ಸದ್ದು ಎಂದು ನೀವು ಹೇಳಬಹುದು. ಆದರೆ ಅದು ಶಿಖರ. ಹಾಡು ಇಡೀ ಹೊತ್ತು ಶಿಖರದ ಮೇಲೆ ನಿಂತಿರುವುದಿಲ್ಲ. ಇಂದಿನ ಸಿನಿಮಾ ಹಾಡುಗಳನ್ನು ಸ್ಟುಡಿಯೋದಲ್ಲೇ ಹಿಂಡಿ, ಮೆಲ್ಲನೆಯದನ್ನೂ ಜೋರಾಗಿಸಿ, ಶಿಖರದ ಹತ್ತಿರಕ್ಕೆ ತಂದಿರುತ್ತಾರೆ. ತಮ್ಮನಿಗೆ ಸಾಕಷ್ಟು ಕೇಳಿಸಿದ್ದು ಅದಕ್ಕೆ. ಹಳೆಯ ಹಿಂದೂಸ್ತಾನಿ ಧ್ವನಿಮುದ್ರಣದಲ್ಲಿ ಆಲಾಪ ಶಿಖರಕ್ಕಿಂತ 20, 25 ಡೆಸಿಬಲ್ ಕೆಳಗೆ ಸಾಗುತ್ತದೆ. 96ರಿಂದ 25 ಕಳೆದರೆ 71. ಮೇಲೆ ಫ್ಯಾನು, ಹೊರಗೆ ಆಟೋ, ಅಡಿಗೆಮನೆಯಲ್ಲಿ ಕುಕ್ಕರ್. ಅಬ್ಬಾಗೆ ಪಕ್ಕದ ಓಣಿ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಚಿಕ್ಕ ಪ್ಲೇಯರುಗಳಿಗೆ ಈ ಬಡತನ ಹುಟ್ಟಿನಿಂದಲೇ ಬಂದದ್ದು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಮೊದಲ ಸ್ಟೀರಿಯೋ ಹೆಡ್‌ಫೋನ್ ಮಾರಾಟಕ್ಕೆ ತಂದಾಗ ಅದನ್ನು ಚುಚ್ಚುತ್ತಿದ್ದದ್ದು ಗೋಡೆಯ ಕರೆಂಟಿನಿಂದ ನಡೆಯುವ ದೊಡ್ಡ ಯಂತ್ರಗಳಿಗೆ. 1979ರ ಜುಲೈಯಲ್ಲಿ ಸೋನಿ ವಾಕ್‌ಮನ್ ಬಂತು. ಅದರ ಜೊತೆ ಬಂದ ಹೆಡ್‌ಫೋನ್ ತೆಳು ತಂತಿಯ ಮೇಲೆ ಎರಡು ಸ್ಪಂಜಿನ ಬಿಲ್ಲೆ, ಅಷ್ಟೇ. ಅದು ಬರೀ ಚಂದಕ್ಕಲ್ಲ. ಎರಡು ಪೆನ್ಸಿಲ್ ಸೆಲ್ ಸೇರಿದರೆ 3 ವೋಲ್ಟ್. ಅದರೊಳಗೆ ತರಂಗ ಮೇಲಕ್ಕೆ ಒಂದೂವರೆ, ಕೆಳಕ್ಕೆ ಒಂದೂವರೆ ವೋಲ್ಟ್ ತೂಗಬಹುದು. ಒಂದೂವರೆಯನ್ನು ಎರಡರ ವರ್ಗಮೂಲದಿಂದ ಭಾಗಿಸಿ, ಸುಮಾರು 1.06 ಬರುತ್ತದೆ. ಬೇರೇನೂ ಜಾಣತನ ಮಾಡದಿದ್ದರೆ ಎರಡು ಸೆಲ್ಲಿನ ಪ್ಲೇಯರ್ ಒಂದು ವೋಲ್ಟಿಗಿಂತ ಹೆಚ್ಚು ಕೊಡಲಾರದು. ಆದ್ದರಿಂದ ಕಡಿಮೆ ವೋಲ್ಟಿನಲ್ಲಿ ಕೆಲಸ ಮಾಡುವ ಹೆಡ್‌ಫೋನುಗಳನ್ನೇ ಅದಕ್ಕೆ ಮಾಡಿದರು. ಇಂದಿಗೂ ಬೇಯರ್‌ಡೈನಮಿಕ್‌ನವರ ಡಿಟಿ 770 ಪ್ರೊ ಎಂಬ ಒಂದೇ ಹೆಡ್‌ಫೋನ್ 32, 80, 250 ಓಮ್‌ಗಳಲ್ಲಿ ಬೇರೆ ಬೇರೆಯಾಗಿ ಬರುತ್ತದೆ. ಕೊಳ್ಳುವವರು ಬೆಲೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಆ ಚಿಕ್ಕ ಅಂಕಿಯನ್ನು ಬಿಡುತ್ತಾರೆ.

ಕಾಲೇಜು ಶುರುವಾದ ಮೇಲೆ ಭೌತಶಾಸ್ತ್ರದ ಸರ್ ಅವರ ಅನುಮತಿ ಪಡೆದು ಲ್ಯಾಬಿನ ಡಿಜಿಟಲ್ ಮಲ್ಟಿಮೀಟರಿನಿಂದ ಅಳೆದೆ. ಫೋನಿನಲ್ಲಿ 100 ಹರ್ಟ್ಝಿನ ಶುದ್ಧ ಸ್ವರ ನುಡಿಸಿ, ವಾಲ್ಯೂಮ್ ತುಂಬಿಸಿ, ಜ್ಯಾಕಿನ ತುದಿಯಲ್ಲಿ ಮೀಟರ್ ಹಿಡಿದರೆ ಅರ್ಧ ವೋಲ್ಟಿಗೆ ಒಂದು ಕೂದಲೆಳೆ ಕಡಿಮೆ. ಸರ್ ತಮ್ಮ ಬಳಿಯಿದ್ದ ಯುಎಸ್‌ಬಿ ಡಾಂಗಲ್ ಕೊಟ್ಟರು, ಹೆಬ್ಬೆರಳಿಗಿಂತ ಚಿಕ್ಕದು. ಅದರಲ್ಲಿ ಒಂದು ವೋಲ್ಟ್! ವೋಲ್ಟೇಜ್ ಎರಡು ಪಟ್ಟಾದರೆ 6 ಡೆಸಿಬಲ್ ಲಾಭ. ಇನ್ನೊಂದು ತಮಾಷೆ ಸರ್ ಹೇಳಿದರು: ಆ್ಯಪಲ್ ಕಂಪನಿಯ ಡಾಂಗಲ್ ಅಮೆರಿಕದಲ್ಲಿ ಕೊಂಡರೆ ಒಂದು ವೋಲ್ಟ್, ಯುರೋಪಿನಲ್ಲಿ ಕೊಂಡರೆ ಸುಮಾರು ಅರ್ಧ. ಅಲ್ಲಿ ಜನರ ಕಿವಿ ಉಳಿಸಲೆಂದು ಚಿಕ್ಕ ಪ್ಲೇಯರುಗಳ ಸದ್ದಿಗೆ ಮಿತಿ ಹಾಕುವ ನಿಯಮವಿದೆ. ನೋಡಲು ಎರಡೂ ಅವಳಿಜವಳಿ. ಒಂದನ್ನು ಕೊಂಡವರು ಹೆಡ್‌ಫೋನನ್ನು ಹೊಗಳುತ್ತಾರೆ, ಇನ್ನೊಂದನ್ನು ಕೊಂಡವರು ಅದೇ ಹೆಡ್‌ಫೋನನ್ನು ಬೈಯುತ್ತಾರೆ.

ಅಂಥದೇ ಒಂದು ಡಾಂಗಲ್ ತಂದು ಮನೆಯಲ್ಲಿ ಹಾಕಿದಾಗ ಅಬ್ಬಾ ಕಣ್ಣರಳಿಸಿದರು. "ಈಗ ನೋಡು, ತಂಬೂರಿ ಕೇಳ್ತಾ ಇದೆ. ಕ್ವಾಲಿಟಿಯೇ ಬೇರೆ!"

ಈ ಮಾತನ್ನೂ ನಾನು ಪೂರ್ತಿ ಒಪ್ಪಲಿಲ್ಲ. ಸದ್ದು ಹೆಚ್ಚಾದರೆ ಗುಣಮಟ್ಟ ಹೆಚ್ಚಾದಂತೆ ಕೇಳಿಸುವುದು ಕಿವಿಯ ಸ್ವಭಾವ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕನ್ ವಿಜ್ಞಾನಿಗಳು ಇದನ್ನು ಅಳೆದು ಗೆರೆ ಎಳೆದು ತೋರಿಸಿದರು. ಮೆಲ್ಲಗೆ ಕೇಳುವಾಗ ನಮ್ಮ ಕಿವಿ ಬಾಸಿನ ವಿಷಯದಲ್ಲಿ ಮಂದ. ಜೋರು ಮಾಡಿದಂತೆ ಬಾಸ್ ಉಳಿದ ಸ್ವರಗಳಿಗಿಂತ ಬೇಗ ಮೇಲೇಳುತ್ತದೆ. ಅಂದರೆ ವಾಲ್ಯೂಮ್ ಏರಿಸುವುದೆಂದರೆ ಬರೀ ಹೆಚ್ಚು ಸದ್ದಲ್ಲ, ಬೇರೆಯದೇ ರುಚಿ. ಅಂಗಡಿಯವರಿಗೆ ಇದು ಪುಸ್ತಕ ಓದದೆಯೇ ಗೊತ್ತು. ಕೊಪ್ಪೀಕರ್ ರಸ್ತೆಯ ಕಡೆ ಒಂದು ಅಂಗಡಿಯಲ್ಲಿ ನಾನು ಎರಡು ಹೆಡ್‌ಫೋನ್ ಹೋಲಿಸಲು ಕೇಳಿದಾಗ, ಹೆಚ್ಚು ಬೆಲೆಯದನ್ನು ಕಿವಿಗೆ ಹಾಕುವ ಮೊದಲು ಆ ಅಣ್ಣ ಸದ್ದಿಲ್ಲದೆ ವಾಲ್ಯೂಮ್ ಎರಡು ಗೆರೆ ಏರಿಸಿದ್ದನ್ನು ಕಂಡೆ. "ಬಾಸ್ ನೋಡ್ರಿ, ಹೆಂಗ ಐತಿ!" ಎಂದ. ಎರಡು ಗೆರೆ ಇಳಿಸಿ ಕೇಳಿದೆ. ಅಂಥ ವ್ಯತ್ಯಾಸವೇನೂ ಉಳಿಯಲಿಲ್ಲ. ಅವನೂ ನಕ್ಕ, ನಾನೂ ನಕ್ಕೆ.

ಹೀಗಾಗಿ ಮನೆಯಲ್ಲಿ ಎರಡು ನಿಯಮ ಮಾಡಿದೆ. ಒಂದು, ಫೋನು ಡಾಂಗಲ್ ಎರಡನ್ನೂ ಮೀಟರಿನಲ್ಲಿ ಸಮಮಾಡಿಯೇ ಹೋಲಿಸಬೇಕು; ಕೇಳುವ ಹಾಡೂ ಅರ್ಧ ವೋಲ್ಟಿನೊಳಗೆ ಸಾಕಾಗುವಷ್ಟು ಜೋರಿನದಾಗಿರಬೇಕು. ಎರಡು, ಕೇಳುವವರಿಗೆ ಯಾವುದು ನುಡಿಯುತ್ತಿದೆ ಎಂದು ಗೊತ್ತಿರಬಾರದು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ತಮ್ಮ ನಾಣ್ಯ ಚಿಮ್ಮಿ, ಬಿದ್ದ ಬದಿಯಂತೆ ಫೋನೋ ಡಾಂಗಲ್ಲೋ ಹಾಕಿ ಬರೆದಿಟ್ಟ. 16 ಸರದಿ. ಬರೀ ಊಹೆಯಿಂದ 16ರಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ. ಆದ್ದರಿಂದ 12 ಬಂದರೆ ವ್ಯತ್ಯಾಸ ಕೇಳಿಸುತ್ತದೆಂದು ಒಪ್ಪಬಹುದು. ನನಗೆ ಬಂದದ್ದು 9. ಅಬ್ಬಾಗೆ 7. ತಮ್ಮನ ಸರದಿ ಬಂದಾಗ ನಾಣ್ಯ ಚಿಮ್ಮಲು ನಾನು ಕೂತೆ; ಅವನಿಗೆ 8 ಬಂತು, ಲಂಚಕ್ಕೆ ಕೇಳಿದ ಐಸ್‌ಕ್ರೀಮನ್ನೂ ತಿಂದ. ಸದ್ದು ಸಮವಾದ ಮೇಲೆ ನಮ್ಮ ಮೂವರ ಕಿವಿಗೂ ಆ ಡಾಂಗಲ್ ಫೋನಿಗಿಂತ ಮೇಲಲ್ಲ. ಅದು ಕೊಟ್ಟದ್ದು ಹೆಚ್ಚು ವೋಲ್ಟ್ ಮಾತ್ರ. ಅಬ್ಬಾ ಕೇಳುವ ಹಳೆಯ ಧ್ವನಿಮುದ್ರಣಗಳಿಗೆ ಬೇಕಾದದ್ದೂ ಅಷ್ಟೇ. ಅಬ್ಬಾ ಈ ಫಲಿತಾಂಶವನ್ನು ಇನ್ನೂ ಒಪ್ಪಿಲ್ಲ.

ಎಲ್ಲ ಜ್ಯಾಕುಗಳೂ ಹೀಗೆ ಒಂದೇ ಎಂದು ಮಾತ್ರ ತಿಳಿಯಬೇಡಿ. ಪ್ಲೇಯರಿಗೂ ತನ್ನದೇ ಒಳರೋಧ ಇರುತ್ತದೆ. ಅದು ದೊಡ್ಡದಾಗಿದ್ದರೆ, ಉದಾಹರಣೆಗೆ 75 ಓಮ್ ಇದ್ದರೆ, 32 ಓಮಿನ ಹೆಡ್‌ಫೋನ್ ಅದರೊಂದಿಗೆ ವೋಲ್ಟೇಜ್ ಹಂಚಿಕೊಳ್ಳಬೇಕಾಗುತ್ತದೆ. ಹೆಡ್‌ಫೋನಿನ ರೋಧವೂ ಎಲ್ಲ ಸ್ವರಕ್ಕೂ ಒಂದೇ ಅಲ್ಲ. ಬಾಸಿನ ಒಂದು ಜಾಗದಲ್ಲಿ ಅದು 60ಕ್ಕೆ ಏರಿತೆಂದುಕೊಂಡರೆ ಅಲ್ಲಿ ಸದ್ದು 3 ಡೆಸಿಬಲಿಗಿಂತ ಹೆಚ್ಚು ಉಬ್ಬುತ್ತದೆ. ಆ ಉಬ್ಬನ್ನು ಕೆಲವರು ಹೆಡ್‌ಫೋನಿನ ಗುಣವೆಂದೇ ಹಾಡಿ ಹೊಗಳುತ್ತಾರೆ.

ಬೆಲೆಯ ಮಾತು. 2017ರಲ್ಲಿ ಯೆರೋನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಅಳೆದ ಫಲಿತಾಂಶ ಪ್ರಕಟಿಸಿದರು. ಯಾವ ಸ್ವರ ಎಷ್ಟು ಜೋರು ಎಂಬ ಹೊಂದಿಕೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಇದನ್ನು ಓದಿದ ಮೇಲೆ ನನ್ನ ಗೆಳತಿಯೊಬ್ಬಳು ಮನೆಯಲ್ಲಿ ಜಗಳ ಮಾಡಿ ಕೊಳ್ಳಬೇಕೆಂದಿದ್ದ ಒಂದು ಹೆಡ್‌ಫೋನಿನ ಆಸೆ ಬಿಟ್ಟಳು. ಅವಳ ಅಮ್ಮಿ ನನಗೆ ಸಲಾಂ ಹೇಳಿ ಕಳಿಸಿದ್ದಾರೆ.

ಬೆಲೆಗಿಂತ ಹೆಚ್ಚು ವ್ಯತ್ಯಾಸ ಮಾಡುವ ಸಂಗತಿ ಬೇರೆ ಇದೆ, ಅದಕ್ಕೆ ಖರ್ಚೇ ಇಲ್ಲ: ಗಾದಿ ಕೆನ್ನೆಗೆ ಕೂರುವ ರೀತಿ. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಬಾಸ್ ನಿಲ್ಲುವುದು ಗಾಳಿ ಸೋರದಿದ್ದರೆ ಮಾತ್ರ. ಕನ್ನಡಕದ ಕಡ್ಡಿ ಗಾದಿಯ ಕೆಳಗೆ ಒಂದು ಸಣ್ಣ ಸುರಂಗ ಕೊರೆಯುತ್ತದೆ. ಬಾಸ್ ಅಲ್ಲಿಂದ ಹೊರಗೆ ಹೋಗುತ್ತದೆ. ನಮ್ಮಂಥ ಹುಡುಗಿಯರಿಗೆ ಸ್ಕಾರ್ಫಿನ ಪ್ರಶ್ನೆಯೂ ಇದೆ. ಬಟ್ಟೆಯ ಮೇಲೆ ಹೆಡ್‌ಫೋನ್ ಹಾಕಿಕೊಂಡರೆ ಮಡಿಕೆಗಳಲ್ಲಿ ಬಾಸ್ ಸೋರುತ್ತದೆ, ಕಿವಿಯ ಮುಂದಿನ ಬಟ್ಟೆ ತುದಿಯ ಸೂಕ್ಷ್ಮ ಸ್ವರಗಳನ್ನು ಮಂಕು ಮಾಡುತ್ತದೆ. ನಾನು ಜಾರ್ಜೆಟ್, ಹತ್ತಿ ಎರಡನ್ನೂ ಹಾಕಿ ನೋಡಿದೆ. ಒಂದೇ ಪದರವಿದ್ದರೆ, ಕಿವಿಯ ಸುತ್ತ ಮಡಿಕೆಯಿಲ್ಲದೆ ಎಳೆದು ಕೂರಿಸಿದರೆ ಅಷ್ಟು ನಷ್ಟವಿಲ್ಲ. ಪಿನ್ ಗಾದಿಯ ಕೆಳಗೆ ಬರದಂತೆ ನೋಡಿಕೊಳ್ಳಿ, ಗಾದಿಯೂ ಹರಿಯುತ್ತದೆ, ಕೆನ್ನೆಯೂ ಉರಿಯುತ್ತದೆ. ಹುಡುಗರ ಟೋಪಿಯಿಂದ ಏನೂ ತೊಂದರೆಯಿಲ್ಲ, ಅದು ಕಿವಿಯ ದಾರಿಗೆ ಬರುವುದಿಲ್ಲ. ಅವರಿಗೆ ಎಲ್ಲವೂ ಸುಲಭ.

ಯಾವುದನ್ನು ಕೇಳಿ ನಿರ್ಧರಿಸಬೇಕು? ನನ್ನ ಅನುಭವದಲ್ಲಿ, ಹತ್ತಾರು ವಾದ್ಯಗಳ ಗದ್ದಲದ ಹಾಡಿಗಿಂತ ಒಂದೇ ದನಿಯ ಧ್ವನಿಮುದ್ರಣ ಒಳ್ಳೆಯ ಸಾಕ್ಷಿ. ಮನುಷ್ಯನ ದನಿ ಹೇಗಿರಬೇಕು ಎಂದು ನಮಗೆ ಹುಟ್ಟಿನಿಂದ ಗೊತ್ತು. ಗಂಗೂಬಾಯಿ ಅವರ ದನಿಯ ಆ ಗಂಡು ಗಾಂಭೀರ್ಯ ಬಾಸ್ ಸೋರಿದರೆ ತೆಳುವಾಗಿಬಿಡುತ್ತದೆ. ಬಾಸ್ ಉಬ್ಬಿದ ಹೆಡ್‌ಫೋನಿನಲ್ಲಿ ಕೊಡದೊಳಗಿಂದ ಬಂದಂತಾಗುತ್ತದೆ. ಕವ್ವಾಲಿಯ ಚಪ್ಪಾಳೆ ಇನ್ನೊಂದು ಪರೀಕ್ಷೆ. ಒಳ್ಳೆಯ ಹೆಡ್‌ಫೋನಿನಲ್ಲಿ ಅದು ಅಂಗೈಗೆ ಅಂಗೈ ತಾಗಿದ ಸದ್ದು, ಕೆಟ್ಟದ್ದರಲ್ಲಿ ರಟ್ಟು ಬಡಿದ ಸದ್ದು.

ಎಷ್ಟು ಹೊತ್ತು, ಎಷ್ಟು ಜೋರು ಎಂಬುದನ್ನು ಮಾಮೂ ಎದುರಿಗೆ ಕೂತಿರುವಾಗ ಮರೆಯಲು ಸಾಧ್ಯವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ವಾರಕ್ಕೆ 4 ಗಂಟೆ. ಹತ್ತು ಡೆಸಿಬಲಿಗೆ ಹತ್ತು ಪಟ್ಟು ಕಡಿತ. ಡಾಂಗಲ್ ಕೊಟ್ಟ ಆರು ಡೆಸಿಬಲನ್ನು ಹೊಸ ಸಿನಿಮಾ ಹಾಡಿಗೆ ಬಳಸಬಾರದು ಎಂದು ತಮ್ಮನಿಗೆ ಹೇಳಿದೆ. ಅವನು ಕೇಳಲಿಲ್ಲ. ಮಾಮೂ ಅವನನ್ನು ಪಕ್ಕಕ್ಕೆ ಕರೆದು, ಫ್ಯಾನು ಆರಿಸಿ, "ಈಗ ನಿನಗೆ ಏನು ಕೇಳಿಸುತ್ತದೆ?" ಎಂದರು. "ಏನೂ ಇಲ್ಲ." "ನನಗೆ ಆ ಏನೂ ಇಲ್ಲ ಎನ್ನುವುದು ಹನ್ನೊಂದು ವರ್ಷದಿಂದ ಕೇಳಿಸಿಲ್ಲ" ಎಂದರು. ಅಂದಿನಿಂದ ತಮ್ಮ ಕೇಳುತ್ತಾನೆ.

ಇಷ್ಟೆಲ್ಲ ಓಮ್, ವೋಲ್ಟ್ ಮಾಡಿದ್ದು ಅಬ್ಬಾ ಮಾಮೂ ನಡುವಿನ ಮುನಿಸು ತೀರಿಸಲು ಮಾತ್ರ ಅಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ನಾನಾನ ನಾಲ್ಕು ಕ್ಯಾಸೆಟ್ಟುಗಳಿವೆ. ನಾನಾ ಕೂಡ ಜುಬೈಲಿನಲ್ಲೇ ವೆಲ್ಡರ್ ಆಗಿದ್ದರು, 80ರ ದಶಕದಲ್ಲಿ. ಆಗ ಫೋನು ದುಬಾರಿ, ನಾನಿಗೆ ಓದು ಬಾರದು. ಗಲ್ಫಿಗೆ ಹೋದ ಎಷ್ಟೋ ಜನ ಮಾಡುತ್ತಿದ್ದಂತೆ ನಾನಾ ಟೇಪ್ ರೆಕಾರ್ಡರ್ ಮುಂದೆ ಕೂತು ಮಾತಾಡಿ, ಆ ಕ್ಯಾಸೆಟ್ಟನ್ನು ರಜೆಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಆ ಕ್ಯಾಸೆಟ್ಟೇ ಕಾಗದ. ನಾನು ಹುಟ್ಟುವ ಮೊದಲೇ ನಾನಾ ತೀರಿಕೊಂಡರು. ನನಗೆ ಗೊತ್ತಿರುವ ನಾನಾ ಎಂದರೆ ಒಂದು ಪಾಸ್‌ಪೋರ್ಟ್ ಫೋಟೋ ಮತ್ತು ಈ ನಾಲ್ಕು ಕ್ಯಾಸೆಟ್. ಟೇಪು ಈಗಾಗಲೇ ಅಂಚಿನಲ್ಲಿ ಸುಕ್ಕಾಗುತ್ತಿದೆ. ಫೋನಿಗೆ ಇಳಿಸಿಕೊಳ್ಳಲು ಹೆಚ್ಚು ಕಾಲ ಉಳಿದಿಲ್ಲ.

ಹಳೆಯ ಜೇಬಿನ ಕ್ಯಾಸೆಟ್ ಪ್ಲೇಯರೊಂದನ್ನು ರಿಪೇರಿ ಮಾಡಿಸಿ, ಬೆಲ್ಟ್ ಬದಲಿಸಿ, ಮೊದಲ ಕ್ಯಾಸೆಟ್ಟನ್ನು ಫೋನಿಗೆ ಇಳಿಸಿದ್ದೆ. ಫೋನಿನ ಸ್ಪೀಕರಿನಲ್ಲಿ ನಾನಿಗೆ ಕೇಳಿಸಿದಾಗ ಅವರು ತಲೆ ಅಲ್ಲಾಡಿಸಿದರು. "ಮಾತು ಅವರದೇ. ಆದರೆ ಅವರು ಇಷ್ಟು ಅವಸರದ ಮನುಷ್ಯ ಅಲ್ಲ." ಎಲ್ಲರೂ ವಯಸ್ಸಾಯಿತು, ನಾನಿಗೆ ಮರೆವು ಎಂದರು. ನನಗೆ ಹಾಗನ್ನಿಸಲಿಲ್ಲ. ಇಪ್ಪತ್ತೈದು ವರ್ಷ ಒಬ್ಬರ ಜೊತೆ ಬಾಳಿದವರ ಕಿವಿಗಿಂತ ದೊಡ್ಡ ಮೀಟರ್ ಯಾವುದು?

ದೊಡ್ಡ ಹೆಡ್‌ಫೋನಿನಲ್ಲಿ, ಕನ್ನಡಕ ತೆಗೆದಿಟ್ಟು, ಬಾಗಿಲು ಹಾಕಿಕೊಂಡು ಕೇಳಿದಾಗ ಫೋನಿನ ಸ್ಪೀಕರಿನಲ್ಲಿ ಸುಳಿವೇ ಇರದ ಒಂದು ಸಂಗತಿ ಕೇಳಿಸಿತು: ನಾನಾನ ಮಾತಿನ ಕೆಳಗೆ ಉದ್ದಕ್ಕೂ ಒಂದು ಗುಂಯ್ ಎಂಬ ಸದ್ದು. ಅಷ್ಟು ಕೆಳಗಿನ ಸ್ವರವನ್ನು ಬೆರಳುಗುರಿನಷ್ಟು ಸ್ಪೀಕರ್ ಹೊರಡಿಸಲಾರದು. ಗಾದಿ ಸರಿಯಾಗಿ ಕೂತ ದೊಡ್ಡ ಹೆಡ್‌ಫೋನ್ ಹೊರಡಿಸುತ್ತದೆ. ಕನ್ನಡಕ ಹಾಕಿಕೊಂಡರೆ ಮಾಯ, ತೆಗೆದರೆ ಹಾಜರ್.

ಕರೆಂಟಿನ ಗುಂಯ್ ಅದು. ಸ್ವರದ ಗೆರೆಗಳನ್ನು ತೋರಿಸುವ ಉಚಿತ ಆ್ಯಪಿನಲ್ಲಿ ನೋಡಿದೆ. 50 ಹರ್ಟ್ಝಿನಲ್ಲಿ ಒಂದು ಗೆರೆ. ಅದು ನಮ್ಮ ಮನೆಯದು. ಪ್ಲೇಯರನ್ನು ಅಡಾಪ್ಟರಿನಿಂದ ಬಿಡಿಸಿ ಸೆಲ್ ಹಾಕಿ ಮತ್ತೆ ಇಳಿಸಿದಾಗ ಅದು ಹೋಯಿತು. ಹೋಗದೆ ಉಳಿದದ್ದು 63.6ರಲ್ಲಿ ಒಂದು, ಅದರ ಎರಡು ಪಟ್ಟು 127ರ ಹತ್ತಿರ ಇನ್ನೊಂದು. ಇದು ಟೇಪಿನೊಳಗಿನದು, ನಾನಾನ ಕೋಣೆಯದು. ಮಾಮೂಗೆ ಸಂಖ್ಯೆ ಹೇಳಿದ ತಕ್ಷಣ ಅವರು ಕುರ್ಚಿಯಿಂದ ಎದ್ದರು. "ಸೌದಿಯಲ್ಲಿ ಕರೆಂಟ್ 60 ಹರ್ಟ್ಝ್. ಇಲ್ಲಿಯ ಹಾಗೆ 50 ಅಲ್ಲ. 63 ಎಲ್ಲಿಂದ ಬರುತ್ತದೆ?"

ಬರಬೇಕಾದ ದಾರಿ ಒಂದೇ. ಟೇಪು ತುಂಬಿಕೊಂಡದ್ದಕ್ಕಿಂತ ವೇಗವಾಗಿ ಓಡುತ್ತಿದೆ. ನಾನಾನ ರೆಕಾರ್ಡರ್ ನಿಧಾನವಾಗಿತ್ತೋ ನಮ್ಮ ಪ್ಲೇಯರ್ ಅವಸರದ್ದೋ, ಹೇಗಾದರೂ ಲೆಕ್ಕ ಒಂದೇ: 63.6 ಭಾಗ 60, ಅಂದರೆ 1.06. ನೂರಕ್ಕೆ ಆರು ವೇಗ. ಹಾರ್ಮೋನಿಯಂನಲ್ಲಿ ಹೇಳುವುದಾದರೆ ದನಿ ಸುಮಾರು ಒಂದು ಮನೆ ಮೇಲೇರಿದೆ. ನಾನಿ ಹೇಳಿದ್ದು ಅಕ್ಷರಶಃ ನಿಜ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅಗ್ಗದ ಯಂತ್ರಗಳಲ್ಲಿ ಬೆಲ್ಟ್ ಸಡಿಲವಾದರೆ, ಸೆಲ್ ಬಡವಾದರೆ ಅದು ತಪ್ಪುತ್ತದೆ. ಆದರೆ ಆ ಊರಿನ ಕರೆಂಟು ಪ್ರತಿ ಕ್ಯಾಸೆಟ್ಟಿನ ತಳದಲ್ಲೂ ಒಂದು ಅಳತೆಗೋಲು ಇಟ್ಟುಹೋಗಿದೆ. ಕಂಪ್ಯೂಟರಿನಲ್ಲಿ ವೇಗವನ್ನು ಅದೇ ಪ್ರಮಾಣದಲ್ಲಿ ಇಳಿಸಿ ಗುಂಯ್ ಗೆರೆಯನ್ನು 60ರ ಮೇಲೆ ಕೂರಿಸಿದೆ.

ಮಾಮೂ ಮರಳಿ ಹೊರಡುವ ಹಿಂದಿನ ದಿನ ಅಸರ್ ಆದ ಮೇಲೆ ನಾನಿಯ ಕಿವಿಗೆ ಹೆಡ್‌ಫೋನ್ ಹಾಕಿದೆವು. ತಲೆಯ ದುಪಟ್ಟಾವನ್ನು ಅಮ್ಮಿ ಮಡಿಕೆಯಿಲ್ಲದಂತೆ ಸರಿಮಾಡಿದರು. ನಾನಿಗೆ ತೆಳು ಸ್ವರಗಳು ಕೇಳಿಸುವುದಿಲ್ಲ, ‘ಸ’ ‘ಶ’ಗಳೆಲ್ಲ ಹೋಗಿವೆ, ಹಾಗಾಗಿ ಡಾಂಗಲ್ಲಿನ ಆರು ಡೆಸಿಬಲ್ ಅಲ್ಲಿ ಉಪಯೋಗಕ್ಕೆ ಬಂತು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವಂತೆ ಬಹಳ ಜೋರಾಗಿ, "ಹಾಂ. ಈಗ ಕೂತು ಮಾತಾಡ್ತಿದ್ದಾರೆ" ಎಂದರು.

ಟೇಪಿನಲ್ಲಿ ನಾನಾ ಹೆಂಚು ಹೊದಿಸಲು ಎಷ್ಟು ಕೇಳಿದರು, ಮಳೆ ಬಂತೇ ಎಂದು ಕೇಳಿ, ಉತ್ತರಕ್ಕೆ ಜಾಗ ಬಿಟ್ಟಂತೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಜಾಗದಲ್ಲಿ ನಾನಿ ಹೆಂಚಿನ ದರ ಹೇಳಿದರು. ಅಬ್ಬಾ ಎದ್ದು ಅಂಗಳಕ್ಕೆ ಹೋದರು. ಮಾಮೂ ತಮ್ಮ ಬಲಗಿವಿಯನ್ನು ಹೆಡ್‌ಫೋನಿನ ಹೊರಮೈಗೆ ಒತ್ತಿಕೊಂಡು ಪಕ್ಕದಲ್ಲೇ ಕೂತಿದ್ದರು.

ಈಗ ಮೂರು ಕ್ಯಾಸೆಟ್ ಆಗಿವೆ. ಎರಡನೆಯದರ ಗುಂಯ್ 62, ಮೂರನೆಯದು 61ರ ಸುತ್ತಮುತ್ತ, ಸರಿಮಾಡುವುದು ಸುಲಭ. ನಾಲ್ಕನೆಯದರ ಎರಡನೇ ಬದಿಯಲ್ಲಿ ಗುಂಯ್ ಇಲ್ಲವೇ ಇಲ್ಲ. ಬದಲಿಗೆ ದೂರದಲ್ಲಿ ಗಾಳಿ, ಆಗಾಗ ಒಂದು ಲಾರಿ. ಕೋಣೆಯ ಹೊರಗೆ ಸೆಲ್ ಹಾಕಿಕೊಂಡು ತುಂಬಿದ್ದಿರಬೇಕು. ಅಲ್ಲಿ ಅಳತೆಗೋಲು ಇಲ್ಲದ್ದರಿಂದ ನಾನು ವೇಗವನ್ನು ಸ್ವಲ್ಪ ಸ್ವಲ್ಪ ಬದಲಿಸಿ ಐದು ಪ್ರತಿ ಮಾಡಿಟ್ಟಿದ್ದೇನೆ. ಯಾವುದು ಸರಿ ಎಂದು ನಾನಿ ಹೇಳಬೇಕು. ಶುಕ್ರವಾರ ಒಂದೊಂದಾಗಿ ಕೇಳಿಸುತ್ತೇನೆ, ಯಾವುದು ಯಾವುದೆಂದು ಹೇಳದೆ.